ಭೂಮಿಗೆ ಪಿಂಚಣಿ, ಬಡವನಿಗೆ ಉಪದೇಶ

ನಮ್ಮ ಪೇಟೆಯ ವ್ಯಾಪಾರಿ ಮಿತ್ರರಲ್ಲಿ ಒಂದು ಮಾತು ಬಹಳ ದಿನಗಳಿಂದ ಚಲಾವಣೆಯಲ್ಲಿದೆ. ಬೆಂಬಲ ಬೆಲೆಯ ಪ್ರಸ್ತಾಪ ಬಂದಾಗಲೆಲ್ಲ ಅದು ಹೊರಗೆ ಬೀಳುತ್ತದೆ. "ಇಲ್ಲಿಯ ರೈತ ಸರಕಾರದ ಮುಂದೆ ಕೈಚಾಚಿ ಕೆಟ್ಟ. ಅಮೆರಿಕೆಯ ರೈತನನ್ನು ನೋಡಿ. ತನ್ನ ಯಂತ್ರ, ತನ್ನ ದುಡಿಮೆ, ಪೇಟೆ ಕೊಟ್ಟಷ್ಟು ಬೆಲೆ. ಅದಕ್ಕೇ ಆ ದೇಶ ಜಗತ್ತಿಗೆಲ್ಲ ಗೋಧಿ ಹಾಕುತ್ತದೆ." ಗಿರಣಿಯ ಗೇಟಿನೆದುರಿನ ಚಹದಂಗಡಿಯಲ್ಲಿ ನಮ್ಮ ಕಾರ್ಮಿಕ ಬಂಧುಗಳಲ್ಲಿಯೂ ಕೆಲವರು ಈ ಮಾತಿಗೆ ತಲೆಯಾಡಿಸುತ್ತಾರೆ. ರೈತನ ಕೈಗೆ ನಾಲ್ಕು ಕಾಸು ಹೆಚ್ಚು ಬಿದ್ದರೆ ತಮ್ಮ ಊಟದ ತಟ್ಟೆಗೆ ಕೈಬಿದ್ದಂತೆಯೇ ಎಂಬ ಅಂಜಿಕೆ ಅವರದು.

ಈ ಮಾತು ಸುಳ್ಳು. ಅಮೆರಿಕೆಯ ಗೋಧಿ ರೈತನಷ್ಟು ಸರಕಾರದ ಚೆಕ್ಕನ್ನು ನಂಬಿದ ರೈತರು ಜಗತ್ತಿನಲ್ಲಿಯೇ ಕಡಿಮೆ. ಆದರೆ ಆ ಚೆಕ್ಕಿನ ಮೇಲೆ ಹೆಸರು ರೈತನದಾದರೂ ಲೆಕ್ಕ ಮಾತ್ರ ಎಕರೆಯದು. ನಾವು ಈ ವಾರ ಹೇಳಬೇಕೆಂದಿರುವುದು ಇದನ್ನೇ.

ಅಮೆರಿಕೆಯ ವಾಯವ್ಯ ಮೂಲೆಯಲ್ಲಿ ವಾಷಿಂಗ್ಟನ್ ಎಂಬ ಸಂಸ್ಥಾನವಿದೆ. ರಾಜಧಾನಿಯಾದ ವಾಷಿಂಗ್ಟನ್ ಬೇರೆ, ಅದು ಪೂರ್ವದ ಕಡಲ ಕಡೆಗಿದೆ; ಹಣ ಬರುವುದು ಮಾತ್ರ ಅಲ್ಲಿಂದ. ಈ ಸಂಸ್ಥಾನದ ಪೂರ್ವದ ಅಂಚಿನಲ್ಲಿ ವಿಟ್ಮನ್ ಕೌಂಟಿ ಇದೆ. ಕೌಂಟಿಯೆಂದರೆ ಆ ದೇಶದ ಜಿಲ್ಲೆ ಎಂದುಕೊಳ್ಳಿ. ಪಲೂಸ್ ಎಂದು ಕರೆಯುವ ಆ ಗುಡ್ಡಗಳ ಸೀಮೆಯಲ್ಲಿ ಗಾಳಿ ತಂದು ಹಾಸಿದ ಆಳವಾದ ಮಣ್ಣಿದೆ. ನೀರಾವರಿ ಬೇಡ, ಚಳಿಗಾಲದ ಮಳೆ ಹಿಮಗಳ ತೇವದಲ್ಲಿಯೇ ಗೋಧಿ ಎದೆಯೆತ್ತರ ಬರುತ್ತದೆ. ಇಡೀ ಅಮೆರಿಕೆಯಲ್ಲಿ ಅತಿ ಹೆಚ್ಚು ಗೋಧಿ ಬೆಳೆಯುವ ಕೌಂಟಿಗಳ ಸಾಲಿನಲ್ಲಿ ಇದು ಮೊದಲ ಸ್ಥಾನದಲ್ಲಿಯೋ ಅದರ ಹತ್ತಿರದಲ್ಲಿಯೋ ಇರುತ್ತದೆ. ಬೆಳೆದ ಬಿಳಿ ಗೋಧಿಯ ಬಹುಪಾಲು ಜಪಾನು, ಫಿಲಿಪೈನ್ಸ್, ದಕ್ಷಿಣ ಕೊರಿಯಾಗಳಿಗೆ ಹಡಗೇರುತ್ತದೆ. ಸರಕಾರದ ಹಂಗಿಲ್ಲದ ರೈತ ಎಲ್ಲಿಯಾದರೂ ಇದ್ದರೆ, ಇಷ್ಟು ಒಳ್ಳೆಯ ನೆಲದಲ್ಲಿ ಇರಬೇಕು.

ಆತ ಅಲ್ಲಿ ಇಲ್ಲ. ಗೋಧಿ ಹೊರಡುವ ನದಿಯೇ ಸರಕಾರದ್ದು. ಕೌಂಟಿಯ ದಕ್ಷಿಣದ ಗಡಿಯಲ್ಲಿ ಹರಿಯುವ ಸ್ನೇಕ್ ನದಿಗೆ 1961ರಿಂದ 1975ರೊಳಗೆ ಸೈನ್ಯದ ಇಂಜಿನಿಯರುಗಳು ನಾಲ್ಕು ಅಣೆಕಟ್ಟುಗಳನ್ನೂ ದೋಣಿ ದಾಟುವ ಬಾಗಿಲುಗಳನ್ನೂ ಕಟ್ಟಿ, ಒಳನಾಡಿನ ಗೋಧಿ ಪೋರ್ಟ್‌ಲ್ಯಾಂಡಿನ ಬಂದರಿಗೆ ತೇಲಿಹೋಗುವಂತೆ ಮಾಡಿದರು. ಆ ನದಿಯ ಸಾಲ್ಮನ್ ಮೀನನ್ನು ನಂಬಿದ್ದ ನೆಜ್ ಪರ್ಸ್ ಜನರಿಗೆ 1855ರ ಒಪ್ಪಂದದಲ್ಲಿ ಮೀನು ಹಿಡಿಯುವ ಹಕ್ಕು ಬರೆದುಕೊಟ್ಟಿದ್ದುಂಟು. ಮೀನೇ ಕಡಿಮೆಯಾದ ಮೇಲೆ ಹಕ್ಕನ್ನು ಏನು ಮಾಡುವುದು? ಅದು ಬೇರೆಯೇ ಒಂದು ಲೇಖನವಾದೀತು.

ಈಗ ಹಣದ ಮಾತಿಗೆ ಬರೋಣ. ಇದರ ಬುಡ 1933ರಲ್ಲಿದೆ. ಮಹಾ ಮುಗ್ಗಟ್ಟಿನಲ್ಲಿ ಗೋಧಿಯ ಬೆಲೆ ನೆಲ ಕಚ್ಚಿದಾಗ, ರೂಸ್‌ವೆಲ್ಟರ ಸರಕಾರ ಕಡಿಮೆ ಬಿತ್ತಿದವನಿಗೆ ಹಣ ಕೊಡುವ ಕಾನೂನು ತಂದಿತು. ಆ ಹಣವನ್ನು ಎತ್ತಿದ್ದು ಎಲ್ಲಿಂದ? ಹಿಟ್ಟಿನ ಗಿರಣಿಗೆ ಬಂದ ಪ್ರತಿ ಬುಶೆಲ್ ಗೋಧಿಯ ಮೇಲೆ 30 ಸೆಂಟಿನ ತೆರಿಗೆಯಿಂದ. ಒಂದು ಬುಶೆಲ್ ಎಂದರೆ ಸುಮಾರು 27 ಕಿಲೋ. ಗಿರಣಿಯವನು ಆ ತೆರಿಗೆಯನ್ನು ತನ್ನ ಕಿಸೆಯಿಂದ ಕೊಡಲಿಲ್ಲ, ಬ್ರೆಡ್ಡು ತಿನ್ನುವವನ ಮೇಲೆ ಹಾಕಿದ. 1936ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಆ ಕಾನೂನನ್ನು ತಳ್ಳಿಹಾಕಿತು, 1938ರಲ್ಲಿ ಬೇರೆ ರೂಪದಲ್ಲಿ ಮತ್ತೆ ಬಂತು. ದಕ್ಷಿಣದ ಹತ್ತಿಯ ಸೀಮೆಯಲ್ಲಿ ಆದದ್ದು ಇನ್ನೂ ಘೋರ. ಹೊಲ ಬೀಳುಬಿಟ್ಟದ್ದಕ್ಕೆ ಹಣ ಬಂದದ್ದು ಒಡೆಯನಿಗೆ, ಎತ್ತಂಗಡಿಯಾದದ್ದು ಪಾಲಿಗೆ ಉಳುತ್ತಿದ್ದ ಬಡ ಒಕ್ಕಲು. ಆ ಒಕ್ಕಲುಗಳು, ಕರಿಯರೂ ಬಿಳಿಯರೂ ಕೂಡಿ, 1934ರಲ್ಲಿ ಆರ್ಕನ್ಸಾದಲ್ಲಿ ಸಂಘ ಕಟ್ಟಿದರು. ಅವರ ಬೆನ್ನಿಗೆ ನಿಂತವರು ಅಮೆರಿಕೆಯ ಸಮಾಜವಾದಿ ನಾಯಕ ನಾರ್ಮನ್ ಥಾಮಸರು. ಸಹಾಯಧನವನ್ನು ನೆಲದ ಲೆಕ್ಕದಲ್ಲಿ ಹಂಚಿದರೆ ಏನಾಗುತ್ತದೆಂಬುದಕ್ಕೆ ಸಾಕ್ಷಿ ಮೊದಲ ವರ್ಷವೇ ಸಿಕ್ಕಿತ್ತೆಂದಾಯಿತು.

ಸ್ವತಂತ್ರ ಪೇಟೆಯ ಭಕ್ತರಿಗೆ ಇನ್ನೊಂದು ಕಥೆ ಹೇಳುತ್ತೇವೆ. ಓಹಾಯೋ ಸಂಸ್ಥಾನದಲ್ಲಿ ರೋಸ್ಕೋ ಫಿಲ್ಬರ್ನ್ ಎಂಬ ಸಣ್ಣ ರೈತನಿದ್ದ. ಸರಕಾರ ಆತನಿಗೆ 11.1 ಎಕರೆ ಗೋಧಿ ಬಿತ್ತಲು ಅಪ್ಪಣೆ ಕೊಟ್ಟಿತ್ತು, ಆತ 23 ಎಕರೆ ಬಿತ್ತಿದ. ಹೆಚ್ಚಾಗಿ ಬೆಳೆದದ್ದು ಮನೆಯ ಕೋಳಿ, ದನ, ಹಿಟ್ಟು, ಬೀಜಕ್ಕೆಂದು ಆತನ ವಾದ. ಬಿತ್ತು 117 ಡಾಲರ್ 11 ಸೆಂಟು ದಂಡ. 1942ರಲ್ಲಿ ಸುಪ್ರೀಂ ಕೋರ್ಟು ದಂಡವನ್ನು ಎತ್ತಿಹಿಡಿಯಿತು. ತನ್ನ ಕೋಳಿಗೆ ತನ್ನ ಗೋಧಿ ಹಾಕಲು ಅಪ್ಪಣೆ ಬೇಕಾದ ದೇಶವನ್ನು ನಮ್ಮ ಮಂಡಿ ಮಹನೀಯರು ಪೇಟೆಯ ಸ್ವರ್ಗವೆನ್ನುತ್ತಾರೆ!

1996ರಲ್ಲಿ ಆ ಸ್ವರ್ಗವನ್ನು ನಿಜವಾಗಿಯೇ ತರುತ್ತೇವೆಂದು ವಾಷಿಂಗ್ಟನ್ನಿನಲ್ಲಿ ಘೋಷಿಸಿದರು. ಬಿತ್ತನೆಯ ಕಟ್ಟುಪಾಡು ಹೋಯಿತು. ಏಳು ವರ್ಷ ಇಳಿಯುತ್ತ ಹೋಗುವ ಹಣ ಕೊಟ್ಟು ಆಮೇಲೆ ರೈತನನ್ನು ಪೇಟೆಗೆ ಒಪ್ಪಿಸುವುದೆಂದು ಮಾತಾಯಿತು. ಮೂರು ವರ್ಷವೂ ತಾಳಲಿಲ್ಲ. 1998ರಲ್ಲಿ ಧಾನ್ಯದ ಬೆಲೆ ಬಿತ್ತು, "ತುರ್ತು ಸಹಾಯ" ಶುರುವಾಯಿತು, 2000ನೆಯ ಇಸವಿಯಲ್ಲಿ ರೈತರಿಗೆ ನೇರವಾಗಿ ಕೊಟ್ಟ ಸರಕಾರಿ ಹಣ 2,000 ಕೋಟಿ ಡಾಲರನ್ನು ದಾಟಿತು. ಪೇಟೆಗೆ ಬಿಡುವ ಕಾನೂನು ಹಿಂದೆಂದಿಗಿಂತಲೂ ದುಬಾರಿಯಾಗಿ ಪರಿಣಮಿಸಿತು.

ಆಗ ಹುಟ್ಟಿದ್ದೇ "ಮೂಲ ಎಕರೆ" ಎಂಬ ಪದ್ಧತಿಯ ಇಂದಿನ ರೂಪ. ಒಂದು ಕಾಲದಲ್ಲಿ ಒಂದು ಹೊಲದಲ್ಲಿ ಇಂತಿಷ್ಟು ಗೋಧಿ ಬಿತ್ತಿದ್ದರೆಂದು ಸರಕಾರಿ ಕಚೇರಿಯಲ್ಲಿ ದಾಖಲೆಯಾಗಿದೆ. ಹಣ ಆ ದಾಖಲೆಗೆ ಬರುತ್ತದೆ. ಈ ವರ್ಷ ಅಲ್ಲಿ ಗೋಧಿ ಬಿತ್ತಿದಿರಾ, ಕಡಲೆ ಬಿತ್ತಿದಿರಾ, ಏನೂ ಬಿತ್ತಲಿಲ್ಲವೇ ಎಂದು ಕೇಳುವುದಿಲ್ಲ. 2002ರಿಂದ 2013ರವರೆಗೆ ಬೆಲೆ ಏರಿರಲಿ ಇಳಿದಿರಲಿ ಹೀಗೆಯೇ ವರ್ಷಕ್ಕೆ ಸುಮಾರು 500 ಕೋಟಿ ಡಾಲರು ಹೋಯಿತು. ಉಳುಮೆಯನ್ನೇ ಮಾಡದವರಿಗೂ ಕೋಟಿಗಟ್ಟಲೆ ಹಣ ಸಂದಿದೆಯೆಂದು 2006ರಲ್ಲಿ ಅಲ್ಲಿಯ ಪತ್ರಿಕೆಯೇ ಲೆಕ್ಕ ಹಾಕಿ ಬರೆದ ಮೇಲೆ ಗುಲ್ಲೆದ್ದಿತು. 2014ರಲ್ಲಿ ಅದನ್ನು ನಿಲ್ಲಿಸಿ, ಪೇಟೆಯ ಬೆಲೆ ಗೊತ್ತುಮಾಡಿದ ಮಟ್ಟಕ್ಕಿಂತ ಇಳಿದರೆ ವ್ಯತ್ಯಾಸ ಕೊಡುವ ಪದ್ಧತಿ ತಂದರು. ಗೋಧಿಗೆ ಆ ಮಟ್ಟ ಬುಶೆಲ್ಲಿಗೆ 5.50 ಡಾಲರು. 2025ರ ಜುಲೈ 4ರಂದು ಸಹಿಯಾದ ಕಾನೂನು ಅದನ್ನು 6.35 ಡಾಲರಿಗೆ ಏರಿಸಿತು. ಹಣ ಬರುವುದು ಮಾತ್ರ ಈಗಲೂ ಮೂಲ ಎಕರೆಗೇ, ಅದರ ನೂರಕ್ಕೆ 85 ಪಾಲಿಗೆ.

ನಾವೇ ಒಂದು ಲೆಕ್ಕ ಮಾಡಿ ನೋಡೋಣ. ಉದಾಹರಣೆಗೆ ಪೇಟೆಯ ಬೆಲೆ 5.35 ಡಾಲರು ಇದ್ದರೆ ವ್ಯತ್ಯಾಸ ಬುಶೆಲ್ಲಿಗೆ ಒಂದು ಡಾಲರು. ದಾಖಲೆಯ ಇಳುವರಿ ಎಕರೆಗೆ 60 ಬುಶೆಲ್ ಎಂದಿಟ್ಟುಕೊಳ್ಳಿ. 100 ಎಕರೆಯವನಿಗೆ 5,100 ಡಾಲರು. 1,000 ಎಕರೆಯವನಿಗೆ 51,000. 3,000 ಎಕರೆಯವನಿಗೆ 1,53,000. ಬೆಲೆ ಬಿದ್ದಾಗ ಮನೆ ಮುಳುಗುವುದು ಮೊದಲನೆಯವನದು. ಆತನಿಗೆ ಬಂದದ್ದು ಟ್ರ್ಯಾಕ್ಟರಿನ ರಿಪೇರಿಗೆ ಹೋಯಿತು. ಮೂರನೆಯವನು ಆ ಹಣದಲ್ಲಿ ಏನು ಮಾಡುತ್ತಾನೆ? ಮೊದಲನೆಯವನ 100 ಎಕರೆ ಹರಾಜಿಗೆ ಬಂದಾಗ ಕೂಗುತ್ತಾನೆ.

ಇದಕ್ಕೊಂದು ಮಿತಿಯಿಲ್ಲವೇ ಎಂದು ಕೇಳುವಿರಿ. ಇದೆ. ತಲೆಗೆ 1,25,000 ಡಾಲರು ಇದ್ದುದನ್ನು ಅದೇ 2025ರ ಕಾನೂನು 1,55,000ಕ್ಕೆ ಏರಿಸಿದೆ. ಆದರೆ "ತಲೆ" ಎಂದರೆ ಯಾರು? ಹೆಂಡತಿಯದು ಬೇರೆ ತಲೆ. ಪಾಲುದಾರಿಕೆಯಲ್ಲಿ ಪಾಲುದಾರರಿಗೊಂದೊಂದು ತಲೆ. 2018ರಲ್ಲಿ ಅಣ್ಣತಮ್ಮಂದಿರ ಮಕ್ಕಳು, ಸೋದರಳಿಯ, ಸೋದರ ಸೊಸೆಯರನ್ನೂ ಒಕ್ಕಲು ಕುಟುಂಬದ ಲೆಕ್ಕಕ್ಕೆ ಸೇರಿಸಿದರು. ಹೊಲಕ್ಕೆ ಕಾಲಿಡಬೇಕೆಂದೇನೂ ಇಲ್ಲ, ಆಡಳಿತದಲ್ಲಿ "ಭಾಗವಹಿಸಿದರೆ" ಸಾಕು. ನಮ್ಮಲ್ಲಿ ಭೂಮಿತಿ ಕಾನೂನು ಬಂದಾಗ ಎತ್ತು, ನಾಯಿ, ಮನೆದೇವರ ಹೆಸರಿಗೆಲ್ಲ ಹೊಲ ಬರೆಸಿದ ಗೌಡ ದೇಸಾಯಿಗಳ ಕಥೆ ಹಿರಿಯರ ಬಾಯಲ್ಲಿದೆಯಲ್ಲವೇ? ಆ ವಿದ್ಯೆಗೆ ಕಡಲಿನ ಆಚೆ ಈಚೆ ಎಂಬ ಭೇದವಿಲ್ಲ. ವರಮಾನದ ಮಿತಿಯೂ ಒಂದಿದೆ: ವರ್ಷದ ಸರಾಸರಿ ಆದಾಯ 9 ಲಕ್ಷ ಡಾಲರನ್ನು ಮೀರಿದವನಿಗೆ ಕೊಡುವುದಿಲ್ಲ. 8 ಲಕ್ಷದವನು ಸಹಾಯಕ್ಕೆ ಅರ್ಹನಾದ ಬಡವ!

ಇನ್ನು ಬೆಳೆವಿಮೆ. ವಿಮೆಯ ಕಂತಿನಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಸರಕಾರ ಕಟ್ಟುತ್ತದೆ, ಖಾಸಗಿ ವಿಮಾ ಕಂಪೆನಿಗಳ ಖರ್ಚನ್ನೂ ಕೊಡುತ್ತದೆ. ಇಲ್ಲಿ ತಲೆಯ ಮಿತಿಯೂ ಇಲ್ಲ, ಆದಾಯದ ಮಿತಿಯೂ ಇಲ್ಲ.

ಗೇಣಿಯ ವಿಚಾರ ನಮ್ಮ ಓದುಗರಿಗೆ ಬೇಗ ಅರ್ಥವಾಗುತ್ತದೆ. ಪಲೂಸ್ ಸೀಮೆಯಲ್ಲಿ ಉಳುವವರಲ್ಲಿ ಅನೇಕರು ಪರರ ಹೊಲವನ್ನು ಪಾಲಿಗೋ ನಗದು ಗೇಣಿಗೋ ಮಾಡುವವರು. ಒಡೆಯರಲ್ಲಿ ಎಷ್ಟೋ ಜನ ಊರು ಬಿಟ್ಟು ಪಟ್ಟಣ ಸೇರಿದ ಹಳೆಯ ಒಕ್ಕಲಿನ ಮಕ್ಕಳು, ಮೊಮ್ಮಕ್ಕಳು. ಪಾಲಿನ ಒಪ್ಪಂದವಿದ್ದರೆ ಬೆಳೆಯಂತೆ ಸರಕಾರದ ಹಣವೂ ಪಾಲಾಗುತ್ತದೆ. ನಗದು ಗೇಣಿಯಾದರೆ ಹಣ ಉಳುವವನ ಹೆಸರಿಗೆ ಬರುತ್ತದೆ ನಿಜ. ಮುಂದಿನ ಕರಾರಿನಲ್ಲಿ ಗೇಣಿ ಏರುತ್ತದೆ. ಎಕರೆಗೆ ಇಷ್ಟು ಹಣ ಖಾತ್ರಿಯೆಂದು ಒಡೆಯನಿಗೂ ಗೊತ್ತು, ಎದುರು ಕೂಗುವ ಪಕ್ಕದ ದೊಡ್ಡ ರೈತನಿಗೂ ಗೊತ್ತು. ಹೊಲದ ಬೆಲೆಯೂ ಹಾಗೆಯೇ ಏರುತ್ತದೆ. ಹೊಸದಾಗಿ ಬೇಸಾಯಕ್ಕಿಳಿಯುವ ಹುಡುಗನಿಗೆ ಅಪ್ಪನ ಹೊಲವಿಲ್ಲದಿದ್ದರೆ ಬಾಗಿಲು ಮುಚ್ಚಿದಂತೆಯೇ.

ಇದರ ಫಲವೇನು? 1862ರ ಕಾನೂನಿನಂತೆ ಒಂದು ಕುಟುಂಬಕ್ಕೆ 160 ಎಕರೆಯೆಂದು ಹಂಚಿದ ದೇಶ ಅದು (ಯಾರ ನೆಲವನ್ನು ಹಂಚಿದರೆಂಬುದನ್ನು ಮೇಲೆ ಹೇಳಿದ್ದೇವೆ). ಇಂದು ವಿಟ್ಮನ್ ಕೌಂಟಿಯಲ್ಲಿ ಒಂದು ಒಕ್ಕಲುತನದ ಸರಾಸರಿ ಸಾವಿರ ಎಕರೆಗೂ ಹೆಚ್ಚು. ಇಡೀ ದೇಶದಲ್ಲಿ 1935ರಲ್ಲಿ 68 ಲಕ್ಷ ಒಕ್ಕಲುತನಗಳಿದ್ದವು, 2022ರ ಗಣತಿಯಲ್ಲಿ 19 ಲಕ್ಷ. ಇಷ್ಟಕ್ಕೂ ಸಹಾಯಧನವೇ ಕಾರಣವೆಂದು ನಾವು ಹೇಳುವುದಿಲ್ಲ. ಯಂತ್ರವೇ ಮುಖ್ಯ ಕಾರಣ. ಆದರೆ "ಒಕ್ಕಲು ಕುಟುಂಬವನ್ನು ಉಳಿಸಲು" ಎಂದು 90 ವರ್ಷ ಕೊಟ್ಟ ಹಣ ಉಳಿಸಿದ್ದು ಯಾರನ್ನೆಂದು ಕೇಳಬೇಡವೇ?

ಸಣ್ಣ ವ್ಯಾಪಾರಿ ಮಿತ್ರರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಎಂಡಿಕಾಟ್, ಲಾಕ್ರಾಸ್ ಮೊದಲಾದ ಆ ಕೌಂಟಿಯ ಊರುಗಳಲ್ಲಿ ಈಗ ಇರುವುದು ಕೆಲವೇ ನೂರು ಜನ. ಹತ್ತು ಒಕ್ಕಲಿದ್ದಲ್ಲಿ ಹತ್ತು ಮನೆಯ ಬಟ್ಟೆ, ಬೂಟು, ಸಕ್ಕರೆ, ಔಷಧ ಮಾರಾಟವಾಗುತ್ತಿತ್ತು. ಒಬ್ಬನೇ ಉಳಿದು ಹತ್ತರಷ್ಟು ಹಣ ಪಡೆದರೆ ಆತ ಹತ್ತು ಜೊತೆ ಬೂಟು ಕೊಳ್ಳುತ್ತಾನೆಯೇ? ಆತ ಕೊಳ್ಳುವುದು ಕೊಯ್ಲಿನ ಯಂತ್ರವನ್ನು, ಅದೂ ದೂರದ ಕಾರ್ಖಾನೆಯಿಂದ. ಶಾಲೆಗೆ ಮಕ್ಕಳು ಸಾಲದೆ ಎರಡು ಊರಿನ ಶಾಲೆಗಳನ್ನು ಕೂಡಿಸುತ್ತಾರೆ. ಆಮೇಲೆ ಅಂಗಡಿಯ ಸರದಿ. ಸರಕಾರದ ಹಣ ಊರಿಗೆ ಬಂದರೂ ಊರು ಬಡವಾಗುವ ಬಗೆ ಇದು.

ಕೂಲಿಯವನ ಹೆಸರು ಈ ತನಕ ಬರಲೇ ಇಲ್ಲವೆಂದು ಗಿರಣಿ ಬಂಧುಗಳು ಗಮನಿಸಿರಬೇಕು. ಕಾನೂನಿನಲ್ಲಿಯೂ ಅವನ ಹೆಸರಿಲ್ಲ. ನೂರು ವರ್ಷದ ಹಿಂದೆ ಆ ಗುಡ್ಡಗಳಲ್ಲಿ ಒಂದೊಂದು ಕೊಯ್ಲಿನ ಯಂತ್ರವನ್ನು ಇಪ್ಪತ್ತು ಮೂವತ್ತು ಕುದುರೆಗಳು ಎಳೆಯುತ್ತಿದ್ದವು; ಸುಗ್ಗಿಯಲ್ಲಿ ಊರೂರು ಅಲೆಯುವ ಕೂಲಿಗಳು ಕಂಬಳಿ ಹೊತ್ತು ಬರುತ್ತಿದ್ದರು. ಪಕ್ಕದ ಸ್ಪೋಕೇನ್ ನಗರದಲ್ಲಿ ದಲ್ಲಾಳಿಗಳು ಅವರಿಂದ ದುಡ್ಡು ಕಿತ್ತು ಇಲ್ಲದ ಕೆಲಸವನ್ನು ಮಾರುತ್ತಿದ್ದರು. ಇದರ ವಿರುದ್ಧ ಜಾಗತಿಕ ಕೈಗಾರಿಕಾ ಕಾರ್ಮಿಕರ ಸಂಘದವರು 1909ರಲ್ಲಿ ಬೀದಿಯಲ್ಲಿ ಭಾಷಣ ಮಾಡಿದರು. ಪೊಲೀಸರು ನೂರಾರು ಜನರನ್ನು ಜೈಲಿಗೆ ತುಂಬಿದರು. 19 ವರ್ಷದ ಎಲಿಜಬೆತ್ ಗರ್ಲಿ ಫ್ಲಿನ್ ತನ್ನನ್ನು ದೀಪದ ಕಂಬಕ್ಕೆ ಸರಪಳಿಯಿಂದ ಬಿಗಿದುಕೊಂಡು ಮಾತಾಡಿದಳು. 1910ರಲ್ಲಿ ನಗರಾಡಳಿತ ಮಣಿದು ದಲ್ಲಾಳಿಗಳ ಪರವಾನಗಿಗಳನ್ನು ಕಿತ್ತಿತು. ಹೀಗೆ ಹೋರಾಡಿದವರ ಸಂತತಿಗೆ 1933ರಿಂದ ಇಂದಿನವರೆಗೆ "ಮೂಲ ಎಕರೆ"ಯಂತೆ "ಮೂಲ ಕೂಲಿ" ಎಂಬುದೊಂದನ್ನು ಯಾರೂ ದಾಖಲಿಸಲಿಲ್ಲ.

2025ರ ಕಾನೂನಿನ ಇನ್ನೊಂದು ಪುಟವನ್ನು ಈಗ ತಿರುವಬೇಕು. ಅಲ್ಲಿಯ ಬಡವರಿಗೆ ಆಹಾರ ಕೊಳ್ಳಲು ಕೊಡುವ ನೆರವಿನಿಂದ ಹತ್ತು ವರ್ಷಗಳಲ್ಲಿ ಸುಮಾರು 18,600 ಕೋಟಿ ಡಾಲರು ಕಡಿತವಾಗುತ್ತದೆಂದು ಅವರ ಸಂಸತ್ತಿನ ಲೆಕ್ಕ ಕಚೇರಿಯೇ ಹೇಳಿದೆ. 64 ವಯಸ್ಸಿನ ಮುದುಕನೂ ಕೆಲಸದ ಲೆಕ್ಕ ತೋರಿಸಬೇಕು, ಇಲ್ಲವೇ ಊಟದ ನೆರವು ನಿಲ್ಲುತ್ತದೆ. ಅದೇ ಕಾನೂನು ಬೇಸಾಯದ ಯೋಜನೆಗಳಿಗೆ ಸುಮಾರು 6,600 ಕೋಟಿ ಡಾಲರು ಹೆಚ್ಚಿಸಿತು. ಕೆಲಸ ಮಾಡಿದ್ದೇನೆಂದು ಮುದುಕ ರುಜುವಾತು ಕೊಡಬೇಕು. ಬಿತ್ತಿದ್ದೇನೆಂದು ಮೂಲ ಎಕರೆ ರುಜುವಾತು ಕೊಡಬೇಕಾಗಿಲ್ಲ. ಒಂದೇ ಸಹಿ, ಒಂದೇ ದಿನ.

ಗೋಧಿಗೆ ಬೆಲೆ ಕೊಟ್ಟರೆ ಬ್ರೆಡ್ಡಿನ ಬೆಲೆ ಏರುತ್ತದೆಂಬ ಕಾರ್ಮಿಕರ ಅಂಜಿಕೆಗೂ ಉತ್ತರ ಅಲ್ಲಿಯೇ ಇದೆ. ಒಂದು ಬುಶೆಲ್ ಗೋಧಿಯಿಂದ 60ಕ್ಕೂ ಹೆಚ್ಚು ಬ್ರೆಡ್ಡುಗಳಾಗುತ್ತವೆ. ಗೋಧಿ 6 ಡಾಲರಿದ್ದರೂ ಒಂದು ಬ್ರೆಡ್ಡಿನಲ್ಲಿ ರೈತನ ಗೋಧಿಯದು ಹತ್ತು ಸೆಂಟು ಮಾತ್ರ. ಅಂಗಡಿಯಲ್ಲಿ ಅದಕ್ಕೆ ಎರಡು ಡಾಲರಿನ ಹತ್ತಿರ. ನಡುವಣ ಹಣ ಎಲ್ಲಿ ಹೋಯಿತೆಂದು ಕಾರ್ಗಿಲ್‌ನಂಥ ಧಾನ್ಯದ ಕಂಪೆನಿಗಳನ್ನೂ ಬ್ರೆಡ್ಡಿನ ಕಾರ್ಖಾನೆಗಳನ್ನೂ ಕೇಳಬೇಕು, ರೈತನನ್ನಲ್ಲ.

ಅಮೆರಿಕೆಯ ಗೋಧಿಯ ಋಣ ನಮಗೂ ಸ್ವಲ್ಪ ಇದೆ. ಬೆಂಬಲ ಬೆಲೆಗೆ ಕೊಂಡ ಗೋಧಿ ಉಗ್ರಾಣ ತುಂಬಿ, ಹಳೆಯ ಹಡಗುಗಳ ಹೊಟ್ಟೆಯನ್ನೂ ತುಂಬಿದಾಗ, 1954ರಲ್ಲಿ ಐಸೆನ್‌ಹೋವರರು ಪಿ.ಎಲ್. 480 ಎಂಬ ಕಾನೂನಿಗೆ ಸಹಿ ಹಾಕಿದರು. 1956ರಲ್ಲಿ ನಮ್ಮ ಸರಕಾರ ಮೊದಲ ಒಪ್ಪಂದ ಮಾಡಿತು. 1960ರಲ್ಲಿ ಆಹಾರ ಮಂತ್ರಿ ಎಸ್. ಕೆ. ಪಾಟೀಲರು ನಾಲ್ಕು ವರ್ಷಕ್ಕೆ 160 ಲಕ್ಷ ಟನ್ ಗೋಧಿಗೆ ಒಪ್ಪಿ ಬಂದರು. ರೇಷನ್ ಅಂಗಡಿಯ ಕೆಂಪು ಗೋಧಿ, ಶಾಲೆಯ "ಕೇರ್" ಉಪ್ಪಿಟ್ಟು ನೆನಪಿರುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಆ ಗೋಧಿಯ ಜೊತೆಗೇ ಪಾರ್ಥೇನಿಯಂ ಕಳೆಯೂ ಬಂತೆಂದು ಹೇಳುತ್ತಾರೆ; ಅದಕ್ಕೆ ನಮ್ಮ ಜನ ಕಾಂಗ್ರೆಸ್ ಗಿಡವೆಂದು ಹೆಸರಿಟ್ಟರು, ನಾವಲ್ಲ. 1965-66ರ ಬರಗಾಲದಲ್ಲಿ ಅಧ್ಯಕ್ಷ ಜಾನ್ಸನ್ನರು ತಿಂಗಳು ತಿಂಗಳು ಅಳೆದು ಹಡಗು ಬಿಟ್ಟರು. ಅವರ ರೈತನಿಗೆ ಸಬ್ಸಿಡಿಯಾಗಿದ್ದ ಗೋಧಿ ನಮಗೆ ಬರುವಾಗ ಕೊರಳ ಹಗ್ಗವಾಗಿತ್ತು. ಕೊನೆಗೆ 1974ರಲ್ಲಿ ರಾಯಭಾರಿ ಮೊಯ್ನಿಹನ್ನರು ಬಾಕಿಯಿದ್ದ ರೂಪಾಯಿಗಳಲ್ಲಿ 1,664 ಕೋಟಿಯ ಚೆಕ್ಕನ್ನು ನಮ್ಮ ಸರಕಾರಕ್ಕೆ ಹಿಂದಿರುಗಿಸಿ ಕೈತೊಳೆದುಕೊಂಡರು.

ಅದೇ ದೇಶ 2018ರ ಮೇ ತಿಂಗಳಲ್ಲಿ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಭಾರತದ ಮೇಲೆ ದೂರಿತು. ಭಾರತ ಗೋಧಿಗೆ ಕೊಡುವ ಬೆಂಬಲ ಬೆಳೆಯ ಬೆಲೆಯ ನೂರಕ್ಕೆ 60ನ್ನು ಮೀರಿದೆ, ಭತ್ತಕ್ಕೆ 70ನ್ನು ಮೀರಿದೆ, ಇರಬೇಕಾದದ್ದು 10 ಎಂದು. ಲೆಕ್ಕ ಹಾಕಿದ್ದು ಹೇಗೆ? ಹೋಲಿಕೆಗೆ 1986-88ರ ಬೆಲೆಯನ್ನಿಟ್ಟುಕೊಂಡು, ಸರಕಾರ ಕೊಂಡದ್ದನ್ನಷ್ಟೇ ಅಲ್ಲದೆ ದೇಶದಲ್ಲಿ ಬೆಳೆದದ್ದನ್ನೆಲ್ಲ ಸೇರಿಸಿ. ತಾವು ಮೂಲ ಎಕರೆಗೆ ಕೊಡುವುದನ್ನು ಮಾತ್ರ ಅದು ಗೋಧಿಗೆ ಕೊಟ್ಟದ್ದಲ್ಲವೆಂದು ಬೇರೆ ಖಾನೆಗೆ ಬರೆಯುತ್ತಾರೆ. ನಮ್ಮ ಪೇಟೆಯ ಮಿತ್ರರು ಹೊಗಳುವ "ಹಂಗಿಲ್ಲದ" ರೈತ ಹುಟ್ಟಿದ್ದು ಈ ಖಾನೆಯ ಬದಲಾವಣೆಯಲ್ಲಿ.

ಹಾಗಾದರೆ ನಾವೂ ಎಕರೆಗಿಷ್ಟು ಎಂದು ಕೊಡೋಣವೇ? ಕೂಡದು. ನೆರೆಯ ತೆಲಂಗಾಣದಲ್ಲಿ 2018ರಿಂದ ಎಕರೆಗೆ ಹಂಗಾಮಿಗೆ 4,000 ರೂಪಾಯಿಯಂತೆ ಶುರುಮಾಡಿದರು. ಆಗ ಎಕರೆಗೆ ಮಿತಿಯಿರಲಿಲ್ಲ, ಕೌಲಿಗೆ ಉಳುವವನಿಗೆ ಪಾಲಿರಲಿಲ್ಲ. ಕೇಂದ್ರ ಸರಕಾರದ ಕಿಸಾನ್ ಸಮ್ಮಾನ್ 2019ರಿಂದ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ ಕೊಡುತ್ತದೆ. ಎಕರೆಯ ಲೆಕ್ಕವಲ್ಲ, ಕುಟುಂಬದ ಲೆಕ್ಕ; ಅಷ್ಟರ ಮಟ್ಟಿಗೆ ಅಮೆರಿಕೆಯದಕ್ಕಿಂತ ಮೇಲು, ಮೇಲೆಂದು ಒಪ್ಪಿಕೊಳ್ಳುತ್ತೇವೆ. ಆದರೆ ಅದೂ ಪಹಣಿಯಲ್ಲಿ ಹೆಸರಿದ್ದವನಿಗೆ ಮಾತ್ರ. ನಮ್ಮ ರಾಜ್ಯದಲ್ಲಿ 1974ರ ಕಾನೂನು ಗೇಣಿಯನ್ನು ರದ್ದುಮಾಡಿತು. ಅದರಿಂದ ಸಾವಿರಾರು ಒಕ್ಕಲು ಹೊಲದೊಡೆಯರಾದದ್ದು ನಿಜ. ಆಮೇಲೆ ಹುಟ್ಟಿದ ಗೇಣಿಯೆಲ್ಲ ಬಾಯಿಮಾತಿನದು, ಕಾಗದವಿಲ್ಲದ್ದು. ಕಾಗದವಿಲ್ಲದವನಿಗೆ ಸಹಾಯಧನವಿಲ್ಲ, ಬರ ಬಿದ್ದರೆ ಪರಿಹಾರವಿಲ್ಲ, ಬೆಂಬಲ ಬೆಲೆಯ ಕೇಂದ್ರದಲ್ಲಿ ರಾಗಿಯ ಚೀಲ ಇಳಿಸಲೂ ಒಡೆಯನ ಹೆಸರು ಬೇಕು.

ಬಾಯಿಗುತ್ತಿಗೆಯಲ್ಲಿ ಉಳುವವನ ಹೆಸರನ್ನು, ಒಡೆತನದ ತಕರಾರಿಗೆ ಕೈಹಾಕದೆ, ಆಯಾ ವರ್ಷದ ಬೆಳೆಯ ದಾಖಲೆಯಲ್ಲಿ ಗ್ರಾಮ ಲೆಕ್ಕಿಗರು ಬರೆದುಕೊಳ್ಳಬೇಕು. ಸಹಾಯಧನ, ಪರಿಹಾರ, ಬೆಂಬಲ ಬೆಲೆ ಮೂರೂ ಆ ಹೆಸರಿಗೆ ಸಲ್ಲಬೇಕು. ಒಂದು ಮನೆಗೆ ಇಷ್ಟೇ ಎಂಬ ಮಿತಿ ಇರಬೇಕು, ಅದರ ಮೇಲಿನದು ಕೂಲಿಯ ನಿಧಿಗೆ ಹೋಗಬೇಕು. ಇದು ನಮ್ಮ ಬೇಡಿಕೆ. ಗಿರಣಿಯಲ್ಲಿ ಪಾಳಿ ಮುಗಿಸಿ ಊರಿನಲ್ಲಿ ಎರಡೆಕರೆ ಗುತ್ತಿಗೆಗೆ ಮಾಡುವವರು ನಮ್ಮ ಓದುಗರಲ್ಲಿಯೇ ಬಹಳ ಮಂದಿ ಇದ್ದಾರೆ. ಪಹಣಿಯಲ್ಲಿ ಹೆಸರಿಲ್ಲವೆಂದು ಅರ್ಜಿ ತಿರಸ್ಕಾರವಾದವರು ಆ ಕಾಗದವನ್ನು ನಮ್ಮ ಕಚೇರಿಗೆ ತರಲಿ. ಎಲ್ಲವನ್ನೂ ಒಟ್ಟುಮಾಡಿ ತಹಸೀಲ್ದಾರರ ಮುಂದೆ ಇಡುತ್ತೇವೆ.